ಡ್ರಮ್ಮಿನೊಳಗಿನ ಅಳಿಯಂದಿರು

ಅನುಸೂಯಮ್ಮನ ಎಮ್ಮೆಗಳ ಕಾಲು ನೋಡಿಯೇ ಲಕ್ಕಪ್ಪನ ಕಾರ್ಖಾನೆಯಲ್ಲಿ ಆ ವಾರ ಯಾವ ಬಣ್ಣದ ಮ್ಯಾಟು ತಯಾರಾಗುತ್ತಿದೆ ಎಂದು ಹೇಳಬಹುದಾಗಿತ್ತು. ಮದುವೆ ಕಾಲದಲ್ಲಿ ಕೆಂಪು, ಶಾಲೆ ಕಾಲೇಜು ತೆರೆಯುವ ಹೊತ್ತಿಗೆ ಹಸಿರು. ಒಮ್ಮೆ ಯಾವುದೋ ದೊಡ್ಡ ಹೋಟೆಲಿನವರು ನೇರಳೆ ಬಣ್ಣದ್ದೇ ಬೇಕೆಂದು ಹಟ ಹಿಡಿದಾಗ ಎಮ್ಮೆಗಳು ಮೊಣಕಾಲಿನವರೆಗೆ ಕಾಲುಚೀಲ ಹಾಕಿಕೊಂಡು ಕಾನ್ವೆಂಟಿಗೆ ಹೊರಟಂತೆ ಓಡಾಡಿದ್ದವು. ಊರಿನವರು ನಕ್ಕರು. ಅನುಸೂಯಮ್ಮ ನಗಲಿಲ್ಲ. ಎಮ್ಮೆಗಳು ಅವಳವು.

ಜಾವಗಲ್ ದಾಟಿ ಅರಸೀಕೆರೆಯ ಕಡೆ ಹೊರಟರೆ ರಸ್ತೆಯ ಬಲಕ್ಕೆ ಸಿಗುವುದೇ ಲಕ್ಕಪ್ಪನ ಕಾರ್ಖಾನೆ. ತೆಂಗಿನ ನಾರಿಗೆ ಬಣ್ಣ ಹಾಕಿ, ಕಾಲೊರೆಸುವ ಮ್ಯಾಟು ನೇಯುವ ಜಾಗ. ಕಾರ್ಖಾನೆ ಎಂದರೆ ತಗಡಿನ ಸೂರು, ಬಣ್ಣ ಕುದಿಸುವ ದೊಡ್ಡ ಕೊಪ್ಪರಿಗೆಗಳು, ಒಂದಿಷ್ಟು ಮಗ್ಗ, ಊರಿನ ಒಂದಿಷ್ಟು ಹೆಂಗಸರು, ಮತ್ತು ಇವರೆಲ್ಲರ ಮೇಲೆ ದನಿ ಎತ್ತಲು ಲಲಿತಮ್ಮ. ಬಣ್ಣ ಕುದಿಸಿ ಉಳಿದ ನೀರು ಮೋರಿ ಹಿಡಿದು ರಸ್ತೆಯ ಕೆಳಗೆ ನುಸುಳಿ, ತಗ್ಗಿನಲ್ಲಿ ಎಮ್ಮೆಗಳು ಮೀಯುವ ಅನುಸೂಯಮ್ಮನ ಕಟ್ಟೆಗೆ ಸೇರುತ್ತಿತ್ತು. ನೀರು ತಗ್ಗಿಗೆ ಹರಿಯುವುದು ತನ್ನ ತಪ್ಪಲ್ಲವೆಂದು ಲಕ್ಕಪ್ಪ ಬಹಳ ದಿನ ವಾದಿಸಿದ. ಅದು ನಿಜವೇ. ಆದರೆ ನೀರಿಗೆ ಬಣ್ಣ ಹಾಕಿದವನು ಯಾರೆಂಬ ಪ್ರಶ್ನೆಗೆ ಮಾತ್ರ ಅವನ ಬಳಿ ಅಷ್ಟು ಒಳ್ಳೆಯ ಉತ್ತರ ಇರಲಿಲ್ಲ.

ಮ್ಯಾಟಿಗೆ ಬರುವ ಮೊದಲು ಲಕ್ಕಪ್ಪ ಕೊಬ್ಬರಿಯವನು. ಅರಸೀಕೆರೆಯ ಮಾರುಕಟ್ಟೆಯಲ್ಲಿ ಅವನ ಮೂಗಿಗೆ ಒಂದು ಹೆಸರಿತ್ತು. ಮೂಟೆಯ ಬಾಯಿ ಬಿಚ್ಚುವ ಮೊದಲೇ, ಒಳಗೆಲ್ಲೋ ಒಂದೇ ಒಂದು ಉಂಡೆ ಕೊಬ್ಬರಿಗೆ ಬೂಷ್ಟು ಹಿಡಿದಿದ್ದರೂ ಅವನ ಹೊಳ್ಳೆ ಅರಳುತ್ತಿತ್ತು. "ಈ ಸಲ ಅಟ್ಟ ವಸಿ ಸೋರ್ತೇನಪ್ಪಾ?" ಎಂದು ಅವನು ಕುಶಲ ವಿಚಾರಿಸುವಂತೆ ಕೇಳಿದರೆ ಸಾಕು, ಮಾರಲು ಬಂದವನು ಮಾತಾಡದೆ ಮೂಟೆಯನ್ನು ಗಾಡಿಗೆ ವಾಪಸು ಏರಿಸುತ್ತಿದ್ದ. ಬೂಷ್ಟು ಎಂದರೆ ಲಕ್ಕಪ್ಪನಿಗೆ ಹಗೆ. ಮನೆಯಲ್ಲಿ ಹಳೆಯ ಚಪ್ಪಲಿಗೆ ಬೂಷ್ಟು ಕಂಡರೂ ಹೆಂಡತಿಗೆ ಬೈಗುಳ.

ಅನುಸೂಯಮ್ಮ ವರಸೆಯಲ್ಲಿ ಅವನಿಗೆ ಅಕ್ಕ. ಆ ಸಲಿಗೆಯಿಂದ ಅವಳು ವಾರಕ್ಕೊಮ್ಮೆ ಕಾರ್ಖಾನೆಯ ಗೇಟಿಗೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ನಿನ್ ಫ್ಯಾಕ್ಟ್ರಿ ಎಕ್ಕುಟ್ಟೋಗ!" ಎಂದು ಶಪಿಸಿ, ಲಲಿತಮ್ಮ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದಳು. ಮನೆ ಪಾಳುಬಿದ್ದು ಅಲ್ಲಿ ಎಕ್ಕದ ಗಿಡ ಹುಟ್ಟಲಿ ಎಂಬುದು ಶಾಪದ ತಾತ್ಪರ್ಯ. ಒಂದು ವರ್ಷ ಶಾಪ ಬಿದ್ದ ಮೇಲೆ ಮೋರಿಯ ದಂಡೆಯ ಮೇಲೆ ನಿಜವಾಗಿಯೂ ಎಕ್ಕ ಹುಟ್ಟಿತು. ಹುಲ್ಲು ಸತ್ತಿತ್ತು, ತುಂಬೆ ಸತ್ತಿತ್ತು, ಯಾವುದಕ್ಕೂ ಹೆದರದ ಪಾರ್ಥೇನಿಯಂ ಕೂಡ ಸೊರಗಿತ್ತು. ಎಕ್ಕ ಮಾತ್ರ ಕೆಂಪು ನೀರಿನಲ್ಲಿ ಬೇರು ಬಿಟ್ಟು, ಮಾವನ ಮನೆಯಲ್ಲಿ ಉಂಡವನಂತೆ ದಷ್ಟಪುಷ್ಟವಾಗಿ ನಿಂತು, ಹೂವನ್ನೂ ಬಿಟ್ಟಿತು. ಲಕ್ಕಪ್ಪ ಅದನ್ನು ಕೀಳಿಸಲು ಹೋಗಲಿಲ್ಲ. ಶಾಪದ ಗಿಡ ಕೀಳಲು ಆಳು ಸಿಗುವುದಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಳೇಬೀಡಿನ ಕಡೆಯಿಂದ ಬಂದ ಬಸ್ಸು ಕಾರ್ಖಾನೆಯ ಎದುರು ನಿಂತು ಒಬ್ಬ ಹೆಣ್ಣುಮಗಳನ್ನು ಇಳಿಸಿತು. ಆಕೆ ಸೀದಾ ಮೋರಿಯ ದಂಡೆಗೆ ಹೋಗಿ ಎಕ್ಕದ ಎಲೆ ಬಿಡಿಸತೊಡಗಿದಳು. ಲಕ್ಕಪ್ಪ ಗೇಟಿನಲ್ಲೇ ನಿಂತು ಕೂಗಿದ:

"ಅಮ್ಮಾ, ಪೂಜೆಗೆ ಬೇಕಿದ್ರೆ ಆಚೆ ಹೊಲದ ಬದೀನಾಗೆ ಬಿಳಿ ಎಕ್ಕ ಐತೆ. ಇದು ಮೋರಿ ಎಕ್ಕ."

"ನನಗೆ ಮೋರಿ ಎಕ್ಕಾನೇ ಬೇಕಾಗಿರೋದು."

ಲಕ್ಕಪ್ಪ ಗೇಟು ಬಿಟ್ಟು ಹತ್ತಿರ ಬಂದ. ಮೋರಿಯಲ್ಲಿ ಆಸಕ್ತಿ ಇರುವವರು ಸರ್ಕಾರದವರೇ. "ಪೊಲ್ಯೂಷನ್ ಆಫೀಸಿನೋರಾ ತಾವು?"

"ಅಲ್ಲ ಕಣ್ರೀ. ಅರಸೀಕೆರೆಯಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಪಾಠ ಮಾಡ್ತೀನಿ. ಮೇಧಿನಿ ಅಂತ. ದಿನಾ ಬಸ್ಸಿನ ಕಿಟಕಿಯಿಂದ ನೋಡ್ತಿದ್ದೆ. ಸುತ್ತ ಎಲ್ಲಾ ಸತ್ತಿದೆ, ಇದೊಂದೇ ಹೂ ಬಿಟ್ಕೊಂಡು ನಿಂತಿದೆ. ಹೇಗೆ ಬದುಕಿದೆ ಅಂತ ನೋಡಬೇಕು."

"ಅದರಲ್ಲೇನು ನೋಡೋದು? ಅನುಸೂಯಕ್ಕ ಶಾಪ ಹಾಕವ್ಳೆ, ಬದುಕೈತೆ" ಎಂದು ಲಕ್ಕಪ್ಪ ಇಡೀ ಕಥೆ ಹೇಳಿದ. ಮೇಧಿನಿ ಎಲೆಗಳನ್ನು ಕವರಿಗೆ ಹಾಕಿಕೊಳ್ಳುತ್ತ ನಕ್ಕು, "ಆ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ" ಎಂದಳು. ಲಕ್ಕಪ್ಪ ತಿಳಿಸಲಿಲ್ಲ. ಹುರುಪು ಬಂದು ಅವಳು ಶಾಪವನ್ನು ದಿನವಹಿ ಮಾಡಿದರೆ ಏನು ಗತಿ?

ಶ್ರಾವಣದಲ್ಲಿ ಅನುಸೂಯಮ್ಮ ಶಾಪ ಬಿಟ್ಟು ಕಲ್ಲು ಹಿಡಿದಳು. ಒಂದು ಟ್ರ್ಯಾಕ್ಟರ್ ಸೈಜುಗಲ್ಲು ತಂದು ಮೋರಿಯ ಪಕ್ಕ ಸುರಿಸಿ, ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನೋಡುವವರೆಗೆ ಕಾದು, ಆಮೇಲೆ ಬಾಯಿ ತೆರೆದಳು.

"ಲೋ ಲಕ್ಕ, ವಿಜಯದಶಮಿ ದಿನ ಬತ್ತೀನಿ. ನೀರು ತಿಳಿಯಾಗಿದ್ರೆ ಈ ಕಲ್ಲಲ್ಲಿ ಕೊಟ್ಟಿಗೆ ಕಟ್ಕತೀನಿ. ಇಲ್ಲಾಂದ್ರೆ ನಿನ್ ಮೋರಿ ಬಾಯಿ ಕಟ್ತೀನಿ. ಆಮೇಲೆ ನಿನ್ ನೀರು ನಿನ್ ಅಂಗಳದಾಗೇ ನಿಂತ್ಕಳ್ಳಿ, ನೀನೂ ಕಾಲಿಗೆ ಬಣ್ಣ ಹಚ್ಕ."

ಅವಳು ಆಡಿದ್ದನ್ನು ಮಾಡುವವಳೇ. ಮೋರಿ ಕಟ್ಟಿದರೆ ಕೊಪ್ಪರಿಗೆ ನಿಲ್ಲುತ್ತದೆ, ಕೊಪ್ಪರಿಗೆ ನಿಂತರೆ ಮಗ್ಗ, ಮಗ್ಗ ನಿಂತರೆ ಲಕ್ಕಪ್ಪ. ಕೊಬ್ಬರಿ ವ್ಯಾಪಾರ ಬಿಟ್ಟು ಐವತ್ತರ ಮೇಲೆ ಕಟ್ಟಿಕೊಂಡ ಕಸುಬು ಇದು. ನೀರು ಶುದ್ಧ ಮಾಡುವ ಯಂತ್ರ ವಿಚಾರಿಸಿದ. ಅದನ್ನು ತರಬೇಕಾದರೆ ಮೊದಲು ಕಾರ್ಖಾನೆಯನ್ನು ಮಾರಬೇಕಾಗಿತ್ತು. ಕಾರ್ಖಾನೆ ಮಾರಿದ ಮೇಲೆ ಯಂತ್ರ ಯಾತಕ್ಕೆ ಎಂಬಲ್ಲಿಗೆ ಅವನ ವಿಚಾರ ಬಂದು ನಿಂತಿತ್ತು.

ಆಗ ಮೇಧಿನಿ ಮತ್ತೆ ಬಸ್ಸಿಳಿದಳು. ಕೈಯಲ್ಲಿ ಎರಡು ಬಾಟಲಿ. ಒಂದರಲ್ಲಿ ಅವನ ಮೋರಿಯ ಕೆಂಪು ನೀರು. ಇನ್ನೊಂದರಲ್ಲಿ ಎರಡನೇ ಸಲ ಸೋಸಿದ ಚಹದ ಬಣ್ಣದ್ದು.

"ಇದೂ ನಿಮ್ಮ ನೀರೇ. ಒಳಗೆ ಇದನ್ನ ಬಿಟ್ಟಿದ್ದೆ" ಎಂದು ಮೂರನೆಯದಾಗಿ ಒಂದು ಗಾಜಿನ ತಟ್ಟೆ ತೆಗೆದಳು. ತಟ್ಟೆಯ ತುಂಬ ಬಿಳಿಯ, ಹತ್ತಿ ಹಿಂಜಿ ಹರಡಿದಂಥ ಏನೋ ಬೆಳೆದಿತ್ತು. ಲಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಬೂಷ್ಟು!"

"ಶಿಲೀಂಧ್ರ" ಎಂದಳು ಮೇಧಿನಿ.

"ನೀವು ಏನಾರ ಅನ್ನಿ ಮೇಡಮ್ಮೋರೆ, ಬೂಷ್ಟು ಅದು. ಮುಚ್ಚಿ ಮೊದಲು. ಗಾಳಿಗೆ ಹಾರ್ತದೆ."

ಆಕೆ ಮುಚ್ಚಳ ಮುಚ್ಚಿ, ಸಮಾಧಾನದಿಂದ ಹೇಳಿದಳು. ಇದು ಹೊರಗಿಂದ ಬಂದು ಹಿಡಿಯುವ ಬೂಷ್ಟಲ್ಲ. ಎಕ್ಕದ ಎಲೆಯ ಒಳಗೇ ಮನೆ ಮಾಡಿಕೊಂಡಿರುವಂಥದ್ದು. ಗಿಡಕ್ಕೆ ತೊಂದರೆ ಕೊಡುವುದಿಲ್ಲ, ಗಿಡವೂ ಬಾಡಿಗೆ ಕೇಳುವುದಿಲ್ಲ. ಮರವನ್ನು, ನಾರನ್ನು ಬಿಗಿಯಾಗಿ ಹಿಡಿದಿಡುವ ಒಂದು ಗಟ್ಟಿ ಅಂಟು ಇರುತ್ತದಲ್ಲ, ಅದನ್ನು ಬಿಡಿಸಲು ಇದು ಒಂದು ರಸ ಬಿಡುತ್ತದೆ, ಕಿಣ್ವ ಎನ್ನುತ್ತಾರೆ. ಕಾರ್ಖಾನೆಯ ಬಣ್ಣದ ಒಳಗಿನ ರಚನೆ ಹೆಚ್ಚುಕಡಿಮೆ ಆ ಅಂಟಿನ ಹಾಗೇ. ಕಿಣ್ವಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬಣ್ಣವನ್ನೂ ಮುರಿದು ಹಾಕುತ್ತದೆ.

"ಅಂದ್ರೆ ಪಾಪ, ಮೋಸ ಹೋಗ್ತದೆ" ಎಂದ ಲಕ್ಕಪ್ಪ. ವ್ಯಾಪಾರದ ಭಾಷೆಗೆ ಬಂದ ಮೇಲೆ ವಿಜ್ಞಾನ ಅವನಿಗೆ ಅಷ್ಟು ಕಷ್ಟವೆನಿಸಲಿಲ್ಲ.

"ಹಾಗೇ ಅಂದ್ಕೊಳ್ಳಿ. ಲ್ಯಾಬಿನ ಬಾಟ್ಲಿಯಲ್ಲಿ ಮೋಸ ಹೋಗಿದೆ. ನಿಮ್ಮ ಡ್ರಮ್ಮಿನಲ್ಲಿ ಹೋಗುತ್ತಾ ಅಂತ ನೋಡೋಣ. ಜಾಗ ಕೊಡ್ತೀರಾ?"

ಲಕ್ಕಪ್ಪ ಕಲ್ಲಿನ ರಾಶಿಯನ್ನು ನೋಡಿದ. ಬಾಟಲಿಯನ್ನು ನೋಡಿದ. ಆಯುಷ್ಯವೆಲ್ಲ ಹಗೆ ಸಾಧಿಸಿದವನ ಮನೆಗೇ ಸಾಲ ಕೇಳಲು ಹೋದವನ ಮುಖ ಮಾಡಿಕೊಂಡು, "ಆಗ್ಲಿ" ಎಂದ.

ಬೂಷ್ಟಿನ ವಿಷಯದಲ್ಲಿ ಮೇಧಿನಿಯ ಮನೆಯ ಕಷ್ಟವೂ ಸಣ್ಣದಲ್ಲ. ಆಕೆಯ ತವರು ಬೇಲೂರು, ದೇವಸ್ಥಾನದ ಸೇವೆಯ ಮನೆತನ. ಉಪ್ಪಿನಕಾಯಿ ಜಾಡಿಗೆ ಮಡಿಬಟ್ಟೆ ಕಟ್ಟಿ, ಒದ್ದೆ ಕೈಯವರನ್ನು ಅಡಿಗೆಮನೆಯ ಹೊಸ್ತಿಲಲ್ಲೇ ತಡೆಯುವ ತಾಯಿ ಚೆಲುವಾಂಬ. ಮಗಳು ಏನು ಮಾಡಿಕೊಂಡಿದ್ದಾಳೆ ಎಂದು ನೆಂಟರು ಕೇಳಿದರೆ, "ಕಾಲೇಜಿನಲ್ಲಿದ್ದಾಳೆ" ಎನ್ನುವಲ್ಲಿಗೆ ಅವರು ಮಾತು ನಿಲ್ಲಿಸಿ ಕೋಸಂಬರಿ ಬಡಿಸುತ್ತಿದ್ದರು.

ಸೂರಿನ ಹಿಂದೆ, ತೆಂಗಿನ ಗರಿಯ ಚಪ್ಪರದ ಕೆಳಗೆ ಮೂರು ನೀಲಿ ಡ್ರಮ್ಮು ಕೂತವು. ಬೂಷ್ಟಿಗೆ ಮನೆಯಾಗಿ ಮೇಧಿನಿ ಆರಿಸಿದ್ದು ತೆಂಗಿನಕಾಯಿಯ ದಪ್ಪ ಮಟ್ಟೆಯ ತುಂಡುಗಳನ್ನು. ಅದಕ್ಕೆ ಕೊರತೆಯಿರಲಿಲ್ಲ. ಬೇಯಿಸಿದ ತುಂಡುಗಳಿಗೆ ಬೂಷ್ಟು ಹತ್ತಿಸಿ, ಅದು ಒಳಗೆಲ್ಲ ಹಬ್ಬಿದ ಮೇಲೆ ಡ್ರಮ್ಮಿಗೆ ತುಂಬಿ, ಮೇಲಿನಿಂದ ಬಣ್ಣದ ನೀರು. ನಡುನಡುವೆ ಆಹಾರವಾಗಿ ತೆಳು ರಾಗಿ ಅಂಬಲಿ, ಒಂದಿಷ್ಟು ಬೆಲ್ಲ.

"ಬಿಸಿಲು ತಾಗಬಾರದು. ಅಲ್ಲಾಡಿಸಬಾರದು. ಹೊತ್ತುಹೊತ್ತಿಗೆ ಅಂಬಲಿ ಹಾಕಬೇಕು. ಕೆಲಸ ಮಾಡ್ತಿರೋದು ಮಾತ್ರ ಕಣ್ಣಿಗೆ ಕಾಣಲ್ಲ" ಎಂದು ಮೇಧಿನಿ ಲಲಿತಮ್ಮನಿಗೆ ಒಪ್ಪಿಸಿದಳು.

ಲಲಿತಮ್ಮ ತಲೆದೂಗಿ, "ಗೊತ್ತಾಯ್ತು ಬಿಡಿ. ಅಳಿಯ" ಎಂದಳು.

ಅವತ್ತಿನಿಂದ ಡ್ರಮ್ಮಿನವರ ಹೆಸರು ಅಳಿಯಂದಿರು ಎಂದೇ ನಿಂತಿತು. "ಅಳಿಯಂದಿರ್ದು ಊಟ ಆಯ್ತೇನ್ರೇ?" "ದೊಡ್ಡಳಿಯ ಇವತ್ತು ವಸಿ ಮಂಕಾಗವ್ನೆ, ಬೆಲ್ಲ ಜಾಸ್ತಿ ಹಾಕು." "ನಮ್ಮನೇಲೂ ಒಬ್ಬ ಅವ್ನೆ, ಡ್ರಮ್ಮಿಲ್ಲ ಅಷ್ಟೆ." ಹೀಗೆ ಮಗ್ಗದ ನಡುವೆ ಮಾತು ಓಡಾಡಿತು. ಲಕ್ಕಪ್ಪ ಮಾತ್ರ ಮೊದಲ ವಾರ ಚಪ್ಪರದ ಕಡೆ ಸುಳಿಯಲಿಲ್ಲ. ಎರಡನೇ ವಾರ ಲೆಕ್ಕ ನೋಡುವವನಂತೆ ಹೋದ. ಕೊಳಾಯಿ ತಿರುಗಿಸಿದರೆ ಕೆಂಪು ನೀರು ಕೇಸರಿಯಾಗಿ ಬಂತು. ಇನ್ನೊಂದಷ್ಟು ದಿನಕ್ಕೆ ಕೇಸರಿ ಹೋಗಿ ತಿಳಿ ಚಹ. ಅವನು ಮುಚ್ಚಳ ಸರಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಗು ಒಡ್ಡಿದ. ಕೊಬ್ಬರಿಯ ಬೂಷ್ಟಿನ ಕಮಟು ಇದಲ್ಲ. ಮೊದಲ ಮಳೆ ಬಿದ್ದ ತೋಟದ ತರಗಿನ ವಾಸನೆ. ಆಮೇಲೆ ಅವನು ದಿನವೂ ಹೋಗತೊಡಗಿದ. ಒಂದು ದಿನ ಮನೆಯಿಂದ ಅಚ್ಚುಬೆಲ್ಲವನ್ನೇ ತಂದ. ಹೆಂಡತಿ ಯಾರಿಗೆಂದು ಕೇಳಿದಾಗ ತಡವರಿಸಿದ.

ನವರಾತ್ರಿ ಬಂತು. ಮೇಧಿನಿ ತವರಿಗೆಂದು ಬೇಲೂರಿಗೆ ಹೋದಳು. ಹೋಗುವ ಮುನ್ನ ಡ್ರಮ್ಮು ನೋಡಿ, "ದಶಮಿಗೆ ತೋರಿಸೋಕೆ ಅಡ್ಡಿಯಿಲ್ಲ. ಸ್ಫಟಿಕದ ಹಾಗೆ ಇರಲ್ಲ, ಆದ್ರೆ ಕೆಂಪಂತೂ ಇರಲ್ಲ" ಎಂದು ಭರವಸೆ ಕೊಟ್ಟಿದ್ದಳು. ದಶಮಿಯ ಹಿಂದಿನ ದಿನ ಆಯುಧಪೂಜೆ. ಕೆಲಸದ ಸಾಮಾನೆಲ್ಲ ತೊಳೆದು ಬಳಿದು, ವಿಭೂತಿ ಕುಂಕುಮ ಇಟ್ಟು, ಆ ಒಂದು ದಿನ ಅವುಗಳಿಂದ ಕೆಲಸ ತೆಗೆಯದೆ ಕೈಮುಗಿಯುವ ಹಬ್ಬ. ಲಕ್ಕಪ್ಪ ಬೆಳಿಗ್ಗೆಯೇ ಹೆಂಗಸರನ್ನು ನಿಲ್ಲಿಸಿಕೊಂಡು ಅಪ್ಪಣೆ ಕೊಡಿಸಿದ:

"ಒಂದು ಮೊಳೆ ಬಿಡಂಗಿಲ್ಲ. ಎಲ್ಲಾನೂವೆ ಫಳಫಳ ಅನ್ಬೇಕು. ನಾಳೀಕೆ ಊರೋರು ಬತ್ತಾರೆ, ಮರ್ಯಾದೆ ಪ್ರಶ್ನೆ."

ಅಷ್ಟು ಹೇಳಿ ಬೂದುಗುಂಬಳ, ಕಡ್ಲೆಪುರಿ, ಚೆಂಡುಹೂವು ತರಲು ಅರಸೀಕೆರೆಗೆ ಹೊರಟ. ಅಲ್ಲಿ ಹೂವಿನ ಚೌಕಾಸಿಯಲ್ಲಿ ಮಧ್ಯಾಹ್ನವೇ ಆಯಿತು. ವಾಪಸು ಬಂದು ಆಟೋದಿಂದ ಕುಂಬಳಕಾಯಿ ಇಳಿಸುವ ಹೊತ್ತಿಗೆ ಲಲಿತಮ್ಮ ಓಡೋಡಿ ಬಂದಳು. ಮುಖದಲ್ಲಿ ಮಗಳ ಬಾಣಂತನ ಸಸೂತ್ರವಾಗಿ ಮುಗಿಸಿದ ಕಳೆ.

"ಅಣ್ಣೋರೆ, ಬನ್ನಿ ಬನ್ನಿ. ಅಳಿಯಂದಿರ್ನ ನೋಡ್ಬನ್ನಿ!"

ಡ್ರಮ್ಮುಗಳು ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿದ್ದವು. ಹೊರಗೆ ಹೊಳೆಯುತ್ತಿದ್ದವು, ಒಳಗೂ ಹೊಳೆಯುತ್ತಿದ್ದವು. ಕಂಠದವರೆಗೆ ಬೋರ್‌ವೆಲ್ ನೀರು ತುಂಬಿ, ಮೂರಕ್ಕೂ ಮೂರು ಪಟ್ಟೆ ವಿಭೂತಿ ಬಳಿದಿತ್ತು. ಮಟ್ಟೆಯ ತುಂಡುಗಳು ಅಂಗಳದಲ್ಲಿ ಗೋಣಿಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು, ಹಪ್ಪಳದ ಹಾಗೆ ಸಾಲಾಗಿ ಒಣಗುತ್ತಿದ್ದವು.

"ಒಳಗೆಲ್ಲಾ ಲೋಳೆ ಲೋಳೆ ಆಗೋಗಿತ್ತು. ವರ್ಷಕ್ಕೊಂದ್ ಹಬ್ಬ, ಅಳಿಯಂದಿರ್ಗೆ ಎಣ್ಣೆನೀರು ಬ್ಯಾಡ್ವಾ ಅಂದು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ವಿ. ಒಂದೊಂದು ಮಟ್ಟೇನೂ ತಿಕ್ಕೀವಿ, ಬೇಕಾದ್ರೆ ನೋಡಿ."

ಲಕ್ಕಪ್ಪ ನೋಡಿದ. ಒಂದು ಮೊಳೆ ಬಿಡಂಗಿಲ್ಲ ಎಂದವನು ಅವನೇ. ಹಬ್ಬದ ದಿನ ಬೈದರೆ ವರ್ಷವೆಲ್ಲ ಬೈಯುವುದೇ ಆಗುತ್ತದೆಂಬ ನಂಬಿಕೆಯೂ ಅವನದೇ. ಅಷ್ಟರಲ್ಲಿ ಯಾರೋ ಕರ್ಪೂರ ಹಚ್ಚಿ ತಟ್ಟೆಯನ್ನು ಕೈಗಿತ್ತರು. ಮಗ್ಗಗಳಿಗೆ, ಕೊಪ್ಪರಿಗೆಗಳಿಗೆ, ಲಗೇಜು ಆಟೋಗೆ, ತಕ್ಕಡಿಗೆ ಆರತಿಯಾಯಿತು. ಕೊನೆಗೆ ಲಕ್ಕಪ್ಪ ಮೂರು ಡ್ರಮ್ಮು ಬೋರ್‌ವೆಲ್ ನೀರಿಗೂ ಶ್ರದ್ಧೆಯಿಂದ ಆರತಿ ಎತ್ತಿದ. ಇಷ್ಟು ಶ್ರದ್ಧೆಯಿಂದ ಅವನು ದೇವರ ಮುಂದೆಯೂ ನಿಂತವನಲ್ಲ ಎಂದು ಹೆಂಗಸರು ಮಾತಾಡಿಕೊಂಡರು.

ಮೇಧಿನಿಗೆ ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟ. ಏನೆಂದು ಹೇಳುವುದು?

ಮರುದಿನ ಬಿಸಿಲೇರುವ ಮೊದಲೇ ಅನುಸೂಯಮ್ಮ ಬಂದಳು. ಹಿಂದೆ ಅರ್ಧ ಊರು, ಜೊತೆಗೆ ಹಗ್ಗ ಹಿಡಿದು ಎಳೆತಂದ ಒಂದು ಎಮ್ಮೆ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಮುಚ್ಚಿದ ಪಾತ್ರೆ. ಸೀದಾ ಹೋಗಿ ಡ್ರಮ್ಮಿನ ಕೊಳಾಯಿ ತಿರುಗಿಸಿ ತಂಬಿಗೆ ತುಂಬಿಸಿ, ಬಿಸಿಲಿಗೆ ಹಿಡಿದಳು. ನೀರಿನ ಕೆಳಗೆ ತಂಬಿಗೆಯ ತಳದ ಉಬ್ಬುತಗ್ಗೂ ಕಾಣುತ್ತಿತ್ತು.

"ಅಯ್ ಶಿವನೇ!" ಎಂದಳು. ಎಮ್ಮೆಗೆ ಬಕೀಟು ಒಡ್ಡಿದಳು. ಎಮ್ಮೆ ಸೊರಸೊರ ಕುಡಿದು ಇನ್ನೂ ಬೇಕೆಂಬಂತೆ ಬಕೀಟು ನೆಕ್ಕಿತು. ಟೀ ಅಂಗಡಿಯ ಶಿವಯ್ಯ ಮುಂದೆ ಬಂದು ಲಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟು, "ಭಗೀರಥ ಕಣಯ್ಯಾ ನೀನು" ಎಂದು ಸರ್ಟಿಫಿಕೇಟು ಕೊಟ್ಟ. ಲಲಿತಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಅನುಸೂಯಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಗಿಣ್ಣು. ಹಿಂದಿನ ದಿನ ಅವಳ ಇನ್ನೊಂದು ಎಮ್ಮೆ ಕರು ಹಾಕಿತ್ತು. "ತಗೊ, ತಿನ್ನು. ಗೆದ್ರೆ ಕೊಡಾನ ಅಂತ ತಂದಿದ್ದೆ, ಸೋತ್ರೆ ನಾನೇ ತಿನ್ನಾನ ಅಂತಿದ್ದೆ."

ಲಕ್ಕಪ್ಪ ಒಂದು ತುಂಡು ಬಾಯಿಗಿಟ್ಟ. ಇಷ್ಟೇ ಸಾಕಲ್ಲ, ಎಂದಿತು ಅವನೊಳಗಿನ ಕೊಬ್ಬರಿ ವ್ಯಾಪಾರಿ. ಇವತ್ತು ಇವರೆಲ್ಲ ಮನೆಗೆ ಹೋಗಲಿ. ಮೇಧಿನಿ ಬಂದು ಬೇರೆ ಬೂಷ್ಟು ಹಾಕಿದರಾಯಿತು. ಮೇಲೆ ಒಳ್ಳೆಯ ಕೊಬ್ಬರಿ ಜೋಡಿಸಿ ಮೂಟೆ ಮಾರಿದವರು ಊರಲ್ಲಿ ಇಲ್ಲವೇ?

ಅನುಸೂಯಮ್ಮ ತಂಬಿಗೆ ಎತ್ತಿ ಎಲ್ಲರಿಗೂ ಕೇಳುವಂತೆ, "ಆಡಿದ್ ಮಾತೆಲ್ಲಾ ವಾಪಸ್ ತಗೊಂಡೀವ್ನಿ. ನಾಳೆಯಿಂದ ಈ ನೀರು ನನ್ ಕಟ್ಟೆಗೆ, ನನ್ ದನಕ್ಕೆ, ನನ್ ಬಚ್ಚಲಿಗೆ" ಎಂದು ಸಾರಿ, ತೀರ್ಥ ಸೇವಿಸುವವಳಂತೆ ತಂಬಿಗೆಯನ್ನು ಬಾಯಿಯ ಹತ್ತಿರ ತಂದಳು. ಇವತ್ತಿನದು ಬೋರ್‌ವೆಲ್ ನೀರು, ಕುಡಿದರೆ ಏನೂ ಆಗದು. ಆದರೆ ಇವತ್ತು ಕುಡಿದವಳು ನಾಳೆಯೂ ಕುಡಿಯುತ್ತಾಳೆ. ನಾಳೆಯದು ಕೊಪ್ಪರಿಗೆಯಿಂದ ಬರುತ್ತದೆ.

"ಕುಡೀಬ್ಯಾಡ ಅಕ್ಕ!"

ಕಿರುಚಿದ್ದು ತಾನೇ ಎಂದು ಲಕ್ಕಪ್ಪನಿಗೆ ಸ್ವಲ್ಪ ತಡವಾಗಿ ತಿಳಿಯಿತು. ಇನ್ನು ಅರ್ಧ ಹೇಳಿ ನಿಲ್ಲಿಸುವ ಹಾಗಿರಲಿಲ್ಲ. "ಅದು ಬೋರ್‌ವೆಲ್ ನೀರು ಕಣಕ್ಕ. ನಿನ್ನೆ ಹಬ್ಬಕ್ಕೆ ಅಂತ ಡ್ರಮ್ಮೆಲ್ಲಾ ತೊಳೆದುಬಿಟ್ಟವ್ರೆ. ಬೂಷ್ಟೆಲ್ಲಾ ಹೋಯ್ತು. ನಾಳೆ ಬಿಟ್ರೆ ಕೆಂಪುನೀರೇ ಬರೋದು."

ಶಿವಯ್ಯ ಭಗೀರಥನ ಹೆಗಲಿಂದ ಕೈ ತೆಗೆದ. ಹೆಮ್ಮೆಯಿಂದ ನಿಂತಿದ್ದ ಲಲಿತಮ್ಮ, "ಒಳ್ಳೇದಕ್ಕೇ ಅಂತ..." ಎಂದು ಶುರುಮಾಡಿ, ಗೋಣಿಯ ಮೇಲಿನ ಮಟ್ಟೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಿಯಂದಿರನ್ನು ಕೈಯಾರೆ ಕೊಂದಿದ್ದೇವೆಂದು ಹೆಂಗಸರಿಗೆ ತಿಳಿದದ್ದೇ ಆಗ. ಯಾರೋ ಒಬ್ಬಳು ಮೂಗು ಸುರ್ರೆನಿಸಿದಳು.

ಅನುಸೂಯಮ್ಮ ತಂಬಿಗೆಯ ನೀರು ಚೆಲ್ಲಿ ಅವನನ್ನೇ ನೋಡಿದಳು.

"ಲೋ, ಹೇಳ್ದೆ ಇದ್ದಿದ್ರೆ ನಾನು ಮನೆಗೆ ಹೊಂಟೋಯ್ತಿದ್ನಲ್ಲೋ."

"ನಾಳೆ ನಿನ್ ಎಮ್ಮೆ ಕುಡೀತಿತ್ತಲ್ಲ."

"ನಾಳೆ ನಾಳೀಕಾಯ್ತು. ಇವತ್ತು ಗೆದ್ದಿದ್ದೆ ಕಣ್ಲಾ ನೀನು! ಗೆದ್ದೋನು ಬಾಯಿ ಮುಚ್ಕಂಡಿರ್ಬೇಕು ಅಂತ ಗೊತ್ತಿಲ್ವಾ? ಎಂಗ್ ಮಾಡ್ದೋ ನೀನು ಇಷ್ಟ್ ವರ್ಷ ವ್ಯಾಪಾರಾನ?"

ಲಕ್ಕಪ್ಪ ಕಲ್ಲಿನ ರಾಶಿಯ ಕಡೆ ನೋಡದೆ, "ಕಟ್ಟು ಅಕ್ಕ. ಮಾತು ಅಂದ್ರೆ ಮಾತು" ಎಂದ.

ಅವಳು ಎಮ್ಮೆಯ ಹಗ್ಗ ಸುತ್ತಿಕೊಂಡಳು. "ಕಟ್ಟಾನ, ಕಟ್ಟಾನ. ಸುಳ್ಳು ಹೇಳಿದ್ರೆ ಇವತ್ತೇ ಕಟ್ತಿದ್ದೆ. ನೀನೇ ಒಪ್ಕಂಡಿದ್ದಕ್ಕೆ ದೀಪಾವಳಿ ಗಂಟ ವಾಯ್ದೆ." ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. "ಗಿಣ್ಣು ವಾಪಸ್ ಕೊಡು. ಅದು ಗೆದ್ದೋರಿಗೆ."

ಲಕ್ಕಪ್ಪ ಕೊನೆಗೂ ಫೋನು ಮಾಡಿದ; ಮೇಧಿನಿ ಸಂಜೆಯ ಬಸ್ಸಿಗೇ ಬೇಲೂರಿನಿಂದ ಬಂದಿಳಿದಳು. ಕಾರ್ಖಾನೆಯಲ್ಲಿ ಸೂತಕದ ಕಳೆ. ಹೆಂಗಸರು ಸಾಲಾಗಿ ನಿಂತಿದ್ದರು. ಯಾರಿಗೆ ಮೊದಲು ಬೈಗುಳ ಎಂಬುದಷ್ಟೇ ಬಾಕಿ. ಆಕೆ ಗೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಮಟ್ಟೆ ಎತ್ತಿಕೊಂಡು, "ಯಾವುದ್ರಲ್ಲಿ ತೊಳೆದ್ರಿ?" ಎಂದಳು.

"ಬ್ಲೀಚಿಂಗ್ ಪೌಡರು" ಎಂದಳು ಲಲಿತಮ್ಮ, ಹೆಣದ ಮುಂದೆ ವಿಷದ ಹೆಸರು ಹೇಳುವ ದನಿಯಲ್ಲಿ.

"ಎಷ್ಟು ಹೊತ್ತು ನೆನೆಸಿದ್ರಿ?"

"ನೆನೆಸ್ಲಿಲ್ಲ. ತಿಕ್ಕಿದ್ವಿ, ಗಲುಬಿದ್ವಿ, ಎತ್ತಿದ್ವಿ."

ಮೇಧಿನಿ ಕತ್ತಿ ಕೇಳಿ ತರಿಸಿದಳು. ಮಟ್ಟೆಯನ್ನು ನಡುವೆ ಸೀಳಿದಳು. ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಹೊರಗೆ ಸುಣ್ಣದಂತೆ ಬೆಳ್ಳಗಾಗಿದ್ದ ಮಟ್ಟೆಯ ಒಡಲಲ್ಲಿ, ನಾರಿನ ನಡುವೆ, ಸಣ್ಣ ಬಿಳಿ ಎಳೆಗಳು ಹಾಗೇ ಹಬ್ಬಿಕೊಂಡಿದ್ದವು.

"ನಾನು ಎಕ್ಕದ ಎಲೆ ತಗೊಂಡು ಹೋದಾಗ ಮೊದಲು ಮಾಡಿದ್ದೂ ಇದೇ ಕಣ್ರೀ. ಸ್ಪಿರಿಟ್ಟು, ಬ್ಲೀಚು, ಎರಡರಲ್ಲೂ ಅದ್ದಿ ತೊಳೆದೆ. ಎಲೆ ಮೇಲೆ ಕೂತಿರೋ ಚಿಲ್ಲರೆ ಬೂಷ್ಟೆಲ್ಲಾ ಸಾಯಲಿ ಅಂತ. ಅಷ್ಟು ಆದ ಮೇಲೂ ಯಾವುದು ಹೊರಗೆ ಬರುತ್ತೋ ಅದು ಒಳಗೇ ಇರೋದು ಅಂತ ಗೊತ್ತಾಗೋದು ಹಾಗೇನೇ. ಎಲ್ಲಾ ಉಳಿದಿಲ್ಲ, ಬಿಸಿಲಿಗೆ ಎಷ್ಟೋ ಹೋಗಿವೆ. ಬದುಕಿರೋದನ್ನ ಬೇರೆ ಮಾಡ್ಕೋಬೇಕು. ಲ್ಯಾಬಿಗೆ ಹೊತ್ಕೊಂಡು ಹೋದ್ರೆ ವಾರಗಟ್ಟಲೆ ಆಗುತ್ತೆ."

ಲಕ್ಕಪ್ಪ ಆಗಲೇ ಪಂಚೆ ಎತ್ತಿಕಟ್ಟಿ ಗೋಣಿಯ ಮುಂದೆ ಕೂತಿದ್ದ. ಒಂದು ಮಟ್ಟೆ ಎತ್ತಿ ಮುರಿದ ಅಂಚನ್ನು ಮೂಗಿಗೆ ಹಿಡಿದ. ಎಡಕ್ಕೆ ಎಸೆದ. ಇನ್ನೊಂದು. ಬಲಕ್ಕೆ. ಬೂಷ್ಟಿರುವುದನ್ನು ಆರಿಸಿ ಎಸೆದೇ ಕೂದಲು ಹಣ್ಣಾದವನು ಮೊದಲ ಸಲ ಬೂಷ್ಟಿರುವುದನ್ನು ಆರಿಸಿ ಇಟ್ಟುಕೊಳ್ಳುತ್ತಿದ್ದ. ಅಭ್ಯಾಸಬಲದಿಂದ ನಡುನಡುವೆ ಚೆನ್ನಾಗಿರುವುದೇ ಎಡಕ್ಕೆ ಹೋಗುತ್ತಿತ್ತು. ಆಗ ಲಲಿತಮ್ಮ, "ಅಣ್ಣೋರೆ, ಇದು ಕೊಬ್ರಿ ಅಲ್ಲ" ಎಂದು ಎತ್ತಿ ಬಲಕ್ಕೆ ಇಡುತ್ತಿದ್ದಳು. ಮೇಧಿನಿ ಬಲದ ರಾಶಿಯಿಂದ ಕೆಲವನ್ನು ಸೀಳಿ ನೋಡಿದಳು. ಬಹುಪಾಲು ಸರಿಯಿತ್ತು. ಪೂರಾ ಸತ್ತುಹೋದ ಒಂದೆರಡೂ ಇದ್ದವು. "ಅವು ಅದರ ಪಕ್ಕದಾಗಿದ್ವು, ವಾಸನೆ ಹತ್ತೈತೆ" ಎಂದು ಲಕ್ಕಪ್ಪ ಮೂಗಿನ ಮಾನ ಉಳಿಸಿಕೊಂಡ.

ಉಳಿದ ಒಂದು ಡ್ರಮ್ಮಿನಷ್ಟು ಅಳಿಯಂದಿರಿಗೆ ಹೊಸ ಮಟ್ಟೆ ಸೇರಿಸಿ, ಅಂಬಲಿ ಕುಡಿಸಿ, ಮತ್ತೆ ಚಪ್ಪರದ ಕೆಳಗೆ ಇರಿಸಿದರು. ಲಲಿತಮ್ಮ ಬ್ಲೀಚಿಂಗ್ ಪೌಡರಿನ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು.

ದೀಪಾವಳಿಗೆ ಮತ್ತೆ ಊರು ಸೇರಿತು. ಈ ಸಲ ತುಂಬಿದ್ದು ಕೊಪ್ಪರಿಗೆಯ ನೀರೇ; ಅದನ್ನು ಸುರಿಯುವಾಗ ಅನುಸೂಯಮ್ಮ ಪಕ್ಕದಲ್ಲೇ ನಿಂತು ನೋಡಿದ್ದಳು, ಆಮೇಲೆ ದಿನಾ ಬಂದು ಮುಚ್ಚಳ ತಟ್ಟಿ ಹೋಗಿದ್ದಳು. ಕೊಳಾಯಿ ತಿರುಗಿಸಿದರು. ಕೆಂಪಿಲ್ಲ. ಆದರೆ ದಶಮಿಯ ದಿನದ ಸ್ಫಟಿಕವೂ ಅಲ್ಲ. ಹಳದಿಗೆ ತಿರುಗಿದ, ತಿಳಿಯಾದ ಹುರುಳಿಕಟ್ಟಿನಂಥ ನೀರು. ಜನರ ಮುಖ ಇಳಿಯಿತು. ಬೋರ್‌ವೆಲ್ ನೀರಿನ ಮುಂದೆ ನಿಜವಾದ ಗೆಲುವು ಪೇಲವವಾಗಿ ಕಾಣುತ್ತಿತ್ತು.

"ಹೋದ್ ಸಲದ್ದೇ ಚೆನ್ನಾಗಿತ್ತು" ಎಂದ ಶಿವಯ್ಯ.

ಮೇಧಿನಿ ಸತ್ಯವನ್ನೇ ಹೇಳಿದಳು. ಬಣ್ಣ ಮುರಿದಿದೆ, ಮುರಿದ ಚೂರುಗಳು ಏನೇನು ಎಂದು ಪರೀಕ್ಷೆಗೆ ಕಳಿಸಿದ್ದಾಗಿದೆ, ವರದಿ ಬರಬೇಕು. ಅಲ್ಲಿಯವರೆಗೆ ಕುಡಿಯಲು ಬೇಡ, ದನಕ್ಕೂ ಬೇಡ.

ಎಲ್ಲರೂ ಅನುಸೂಯಮ್ಮನ ಮುಖ ನೋಡಿದರು. ಅವಳು ತಂಬಿಗೆಯನ್ನು ಬಿಸಿಲಿಗೆ ಹಿಡಿದು, ಓರೆ ಮಾಡಿ, ನೆಟ್ಟಗೆ ಮಾಡಿ ನೋಡಿದಳು. ಬೆರಳು ಅದ್ದಿ ಸೆರಗಿನ ಬಿಳಿ ಅಂಚಿಗೆ ಒರೆಸಿ ನೋಡಿದಳು. ಅಂಚು ಬೆಳ್ಳಗೇ ಇತ್ತು.

"ಇದು ಫ್ಯಾಕ್ಟ್ರಿ ನೀರೇ. ಅವತ್ತಿಂದು ಅತಿ ಚೆಂದಾಗಿತ್ತು, ಅದ್ಕೇ ನಂಗೆ ಒಳಗೊಳಗೇ ಗುಮಾನಿ" ಎಂದಳು. ಅವತ್ತು ತೀರ್ಥದಂತೆ ಕುಡಿಯಹೊರಟವಳು ಇವಳೇ ಎಂದು ನೆನಪಿಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಹಂಗಾರೆ ಮೋರಿ?" ಎಂದ ಲಕ್ಕಪ್ಪ.

"ಮೋರಿ ಕಟ್ಟಾಕಿಲ್ಲ, ಇರ್ಲಿ. ನಿನ್ ನೀರು ನನ್ ಕಟ್ಟೆ ಕಡೆ ಮಾತ್ರ ಬ್ಯಾಡ. ನಿನ್ ಸೂರಿನ ಹಿಂದೆ ನಿನ್ ತೆಂಗಿನ ಮರ ಅವಲ್ಲ? ರಿಪೋಲ್ಟು ಬಂದು ಮೇಡಮ್ಮೋರು ಹೂಂ ಅಂದ ಮ್ಯಾಲೆ ಅದಕ್ಕೆ ಬಿಡು. ಒಂದ್ ವರ್ಷ ನಿನ್ ಮರ ನೋಡ್ತೀನಿ. ಹೊಂಬಾಳೆ ನೆಟ್ಟಗೆ ಬಿಟ್ರೆ, ಆಗ ನನ್ ಮರಕ್ಕೆ ಬಾ."

ಮೇಧಿನಿ ಮೆಲ್ಲಗೆ, "ಲಕ್ಕಪ್ಪನೋರೆ, ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಮೊದಲು ಒಂದು ಕಡೆ ಬಿಟ್ಟು ನೋಡೋದು, ಇನ್ನೊಂದು ಕಡೆ ಬಿಡದೆ ನೋಡೋದು. ಪ್ರಯೋಗ ಮಾಡೋ ರೀತಿಯೇ ಅದು" ಎಂದಳು.

"ಪ್ರಯೋಗ ಸರಿ ಮೇಡಮ್ಮೋರೆ. ಬಿಡೋದು ನನ್ ಮರಕ್ಕೆ, ಬಿಡದೆ ನೋಡೋದು ಅವಳ್ ಮರಕ್ಕೆ. ಇದ್ಯಾವ ನ್ಯಾಯ?"

"ನೀರು ಯಾರ್ದೋ?" ಎಂದಳು ಅನುಸೂಯಮ್ಮ.

ಈ ಪ್ರಶ್ನೆಗೆ ಈಗಲಾದರೂ ಲಕ್ಕಪ್ಪನ ಬಳಿ ಉತ್ತರ ಇತ್ತು. ಅವನು ಗುದ್ದಲಿ ತರಿಸಿದ. ವರದಿ ಬರುವುದರೊಳಗೆ ಕಾಲುವೆಯಾದರೂ ಸಿದ್ಧವಿರಲಿ ಎಂದು ಚಪ್ಪರದ ಬುಡದಿಂದ ತನ್ನ ತೆಂಗಿನ ಸಾಲಿನ ಕಡೆ ಅಗೆಯತೊಡಗಿದ. ಜನ ಕರಗಿದರು. ಶಿವಯ್ಯ ಟೀ ಅಂಗಡಿ ತೆರೆಯಲು ಹೋದ. ಅನುಸೂಯಮ್ಮ ಮಾತ್ರ ಒಂದು ಸೈಜುಗಲ್ಲಿನ ಮೇಲೆ ಚೆನ್ನಾಗಿ ತಳವೂರಿ, ಲಲಿತಮ್ಮ ತಂದ ಕಾಫಿ ಊದುತ್ತ, ಅವನ ಗುದ್ದಲಿಯ ಪ್ರತಿ ಏಟನ್ನೂ ಉಸ್ತುವಾರಿ ಮಾಡುತ್ತಿದ್ದಳು.

"ಎಡಕ್ಕೆ ವಾಲ್ತೈತೆ ಕಣ್ಲಾ. ನೀರು ನನ್ ಕಡೀಕೇ ಬತ್ತದೆ. ಬಲಕ್ಕೆ ತಿರುವು. ಇನ್ನೂ ತಿರುವು."